ದೇವರ ಸಮಯ: ಕಾಯುವವರಿಗೆ ಬೈಬಲ್ ಕಲಿಸುವ ಪಾಠ



ಕಡಬ ಪರಿಸರದ ಹಿರಿಯರಿಗೆ ಹೊಸ್ಮಠದ ಹಳೆಯ ಸೇತುವೆಯ ನೆನಪು ಮಾಸಿರಲಿಕ್ಕಿಲ್ಲ. ಉಪ್ಪಿನಂಗಡಿ - ಕಡಬ ರಸ್ತೆಯಲ್ಲಿ ಗುಂಡ್ಯ ಹೊಳೆಗೆ ಅಡ್ಡಲಾಗಿದ್ದ ಆ ಮುಳುಗು ಸೇತುವೆ, ಮಳೆಗಾಲದಲ್ಲಿ ನೆರೆ ಬಂದಾಗಲೆಲ್ಲ ನೀರಿನಡಿ ಸೇರುತ್ತಿತ್ತು. ಎರಡೂ ದಡಗಳಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆಸ್ಪತ್ರೆಗೆ ಹೊರಟವರು, ಶಾಲೆಯಿಂದ ಮನೆಗೆ ಮರಳುವ ಮಕ್ಕಳು, ಸುಬ್ರಹ್ಮಣ್ಯಕ್ಕೆ ಹೋಗುವ ಯಾತ್ರಿಕರು, ಎಲ್ಲರದೂ ಒಂದೇ ಪ್ರಶ್ನೆ: "ನೀರು ಯಾವಾಗ ಇಳಿಯುತ್ತದೆ?" ಆ ಪ್ರಶ್ನೆಗೆ ದಡದಲ್ಲಿ ನಿಂತ ಯಾರಲ್ಲೂ ಉತ್ತರವಿರುತ್ತಿರಲಿಲ್ಲ.

ಗುರುಗಳಾದ ನಾವು ಮನೆ ಭೇಟಿಗೆ ಹೋದಾಗ ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತೇವೆ. ಕೆಲವು ಮನೆಗಳಲ್ಲಿ ನಮ್ಮನ್ನು 'ಫಾದರ್' ಎನ್ನುತ್ತಾರೆ, ಕೊಂಕಣಿ ಮನೆಗಳಲ್ಲಿ 'ಪಾದ್ರ್ಯಾಬ್' ಎನ್ನುತ್ತಾರೆ, ಕೇರಳ ಮೂಲದ ಮನೆಗಳಲ್ಲಿ 'ಅಚ್ಚಾ' ಎನ್ನುತ್ತಾರೆ. ಕರೆಯುವ ಹೆಸರು ಬೇರೆಯಾದರೂ ಪ್ರಶ್ನೆ ಒಂದೇ. "ಮಗಳಿಗೆ ಇನ್ನೂ ಸಂಬಂಧ ಕೂಡಿ ಬಂದಿಲ್ಲ. ಮಗನಿಗೆ ಕೆಲಸ ಸಿಕ್ಕಿಲ್ಲ. ಯಜಮಾನರ ಕಾಯಿಲೆ ಗುಣವಾಗಿಲ್ಲ. ದೇವರ ಸಮಯ ಯಾವಾಗ ಬರುತ್ತದೆ?" ಎಲ್ಲದಕ್ಕೂ ದೇವರ ಸಮಯವೊಂದಿದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆ ಮಾತಿಗೆ ಪವಿತ್ರ ಗ್ರಂಥದಲ್ಲಿ ಇರುವ ಅರ್ಥವೇನು? ಅದನ್ನು ಸರಿಯಾಗಿ ತಿಳಿಯದೆ ಬಳಸಿದರೆ ಸಾಂತ್ವನದ ಮಾತೇ ಗಾಯವಾಗಬಲ್ಲದು. ಈ ಲೇಖನದಲ್ಲಿ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಉಪದೇಶಕನ ಮಾತು

'ಎಲ್ಲದಕ್ಕೂ ಒಂದು ಕಾಲ' ಎಂಬ ಚಿಂತನೆಯ ಪ್ರಮುಖ ಮೂಲ ಹಳೆಯ ಒಡಂಬಡಿಕೆಯ 'ಉಪದೇಶಕ' ಗ್ರಂಥ. ಪ್ರೊಟೆಸ್ಟೆಂಟ್ ಬಾಂಧವರ ಕನ್ನಡ ಬೈಬಲಿನಲ್ಲಿ ಇದೇ ಗ್ರಂಥಕ್ಕೆ 'ಪ್ರಸಂಗಿ' ಎಂಬ ಹೆಸರಿದೆ. ಇದರಲ್ಲಿ 12 ಅಧ್ಯಾಯಗಳಿವೆ. ಮೂರನೆಯ ಅಧ್ಯಾಯದ ಆರಂಭದಲ್ಲಿ ಜನನ - ಮರಣ, ನೆಡುವುದು - ಕೀಳುವುದು, ಅಳುವುದು - ನಗುವುದು, ಮೌನ - ಮಾತು ಹೀಗೆ 14 ಜೋಡಿಗಳನ್ನು ಗ್ರಂಥಕರ್ತ ಹೇಳುತ್ತಾನೆ (ಉಪದೇಶಕ 3:1-8).

ಈ ಪಟ್ಟಿಯನ್ನು ನಾವು ಹೆಚ್ಚಾಗಿ ಒಂದು ಭರವಸೆಯಾಗಿ ಓದುತ್ತೇವೆ: ಈಗ ಅಳುವ ಕಾಲ, ಮುಂದೆ ನಗುವ ಕಾಲ ಬಂದೇ ಬರುತ್ತದೆ ಎಂದು. ಆದರೆ ಗ್ರಂಥಕರ್ತ ಅಷ್ಟು ಸರಳವಾಗಿ ಹೇಳುವುದಿಲ್ಲ. ದೇವರು ಪ್ರತಿಯೊಂದನ್ನೂ ಅದರದರ ಕಾಲಕ್ಕೆ ಸುಂದರವಾಗಿ ಮಾಡಿದ್ದಾರೆ, ಮನುಷ್ಯನ ಹೃದಯದಲ್ಲಿ ಅನಂತತೆಯ ಹಂಬಲ ಇಟ್ಟಿದ್ದಾರೆ. ಆದರೂ ದೇವರ ಕಾರ್ಯವನ್ನು ಆದಿಯಿಂದ ಅಂತ್ಯದವರೆಗೆ ಗ್ರಹಿಸಲು ಮನುಷ್ಯನಿಂದ ಆಗದು ಎಂಬುದು ಆತನ ಮಾತಿನ ಸಾರ (3:11). ಅಂದರೆ, ಕಾಲದ ಪೂರ್ಣ ಚಿತ್ರ ದೇವರ ಕೈಯಲ್ಲಿದೆ. ನಮ್ಮ ಕೈಯಲ್ಲಿರುವುದು ಇಂದಿನ ತುತ್ತು, ಇಂದಿನ ದುಡಿಮೆ, ಇಂದಿನ ಸಂತೋಷ. ಅವು ದೇವರ ಕೊಡುಗೆ ಎಂದು ಮುಂದಿನ ವಚನಗಳು ತಿಳಿಸುತ್ತವೆ (3:12-13).

ಈ ಗ್ರಂಥದಲ್ಲಿ 'ವ್ಯರ್ಥ' ಎಂದು ಅನುವಾದವಾಗಿರುವ ಹೀಬ್ರೂ ಪದ 'ಹೆವೆಲ್'. ಅದು 38 ಸಲ ಬರುತ್ತದೆ. ಅದರ ಮೂಲ ಅರ್ಥ ಉಸಿರು, ಆವಿ. ಚಳಿಗಾಲದ ಬೆಳಿಗ್ಗೆ ಕುಮಾರಧಾರೆಯ ಮೇಲೆ ಕಾಣುವ ಮಂಜನ್ನು ನೆನೆಸಿಕೊಳ್ಳಿ. ಅದು ಇಲ್ಲವೆಂದಲ್ಲ, ಆದರೆ ಮುಷ್ಟಿಯಲ್ಲಿ ಹಿಡಿಯಲಾಗದು. ಬದುಕಿಗೆ ಅರ್ಥವೇ ಇಲ್ಲವೆಂದು ಉಪದೇಶಕ ಹೇಳುವುದಿಲ್ಲ. ಅರ್ಥವನ್ನು ಮುಷ್ಟಿಯಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ ಎನ್ನುವವನು ಸೋಲುತ್ತಾನೆ ಎನ್ನುತ್ತಾನೆ.

ಕ್ಯಾಲೆಂಡರಿನ ಕಾಲ, ಪಕ್ವತೆಯ ಕಾಲ

ಗ್ರೀಕ್ ಭಾಷೆಯಲ್ಲಿ ಕಾಲಕ್ಕೆ ಎರಡು ಪದಗಳಿವೆ. 'ಕ್ರೋನೊಸ್' ಎಂದರೆ ಗಂಟೆ, ದಿನ, ವರ್ಷಗಳಲ್ಲಿ ಎಣಿಸುವ ಕಾಲ. 'ಕೈರೊಸ್' ಎಂದರೆ ತಕ್ಕ ಸಮಯ, ಪಕ್ವವಾದ ಸಮಯ. ಉಪದೇಶಕ 3:1ರ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಈ ಎರಡೂ ಪದಗಳು ಜೊತೆಯಾಗಿ ಬರುತ್ತವೆ. ಯೇಸುಸ್ವಾಮಿ ಗಲಿಲೇಯದಲ್ಲಿ ತಮ್ಮ ಬೋಧನೆಯನ್ನು ಆರಂಭಿಸುತ್ತಾ ಕಾಲ ತುಂಬಿ ಬಂದಿದೆ ಎಂದು ಸಾರಿದಾಗ ಮಾರ್ಕನ ಶುಭಸಂದೇಶ ಬಳಸುವುದು 'ಕೈರೊಸ್' ಪದವನ್ನು (ಮಾರ್ಕ 1:15).

ಈ ವ್ಯತ್ಯಾಸ ನಮ್ಮ ಕೃಷಿಕರಿಗೆ ಹೊಸತೇನಲ್ಲ. ರಬ್ಬರ್ ಗಿಡ ನೆಟ್ಟು ಸುಮಾರು ಆರೇಳು ವರ್ಷ ಕಾಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಟ್ಯಾಪಿಂಗ್ ಆರಂಭಿಸುವಾಗ ತಿಳಿದವರು ನೋಡುವುದು ಕ್ಯಾಲೆಂಡರನ್ನಲ್ಲ, ಮರದ ಸುತ್ತಳತೆಯನ್ನು. ಕಸಿ ಕಟ್ಟಿದ ಜಾಗದಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಟೇಪು ಹಿಡಿದಾಗ 50 ಸೆಂಟಿಮೀಟರ್ ಬಂದಿರಬೇಕು. ವರ್ಷ ತುಂಬಿತೆಂದು ಬೆಳೆಯದ ಮರಕ್ಕೆ ಕತ್ತಿ ಇಟ್ಟರೆ ಮರವೂ ಸೊರಗುತ್ತದೆ, ಹಾಲೂ ಸಿಗುವುದಿಲ್ಲ. ಇದು ಕೈರೊಸ್.

ಅಡಿಕೆ ತೋಟದಲ್ಲಿ ಇದರ ಇನ್ನೊಂದು ಮುಖವಿದೆ. ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಸಿಂಪಡಿಸಬೇಕು. ಆ ದಿನಗಳನ್ನು ಸೋಮಾರಿತನದಿಂದ ಕಳೆದು, ಕಾಯಿ ಉದುರುವಾಗ ದೇವರ ಚಿತ್ತ ಎಂದರೆ ಅದು ವಿಶ್ವಾಸವಲ್ಲ. ತಕ್ಕ ಸಮಯಕ್ಕಾಗಿ ಕಾಯುವುದು ಹೇಗೆ ಜ್ಞಾನವೋ, ಬಂದ ಸಮಯವನ್ನು ಗುರುತಿಸಿ ಕೆಲಸಕ್ಕೆ ಇಳಿಯುವುದೂ ಹಾಗೆಯೇ ಜ್ಞಾನ. ಗಾಳಿಯನ್ನೇ ನೋಡುತ್ತಾ ಕುಳಿತವನು ಬಿತ್ತುವುದಿಲ್ಲ ಎಂದು ಉಪದೇಶಕನೂ ಎಚ್ಚರಿಸುತ್ತಾನೆ (11:4). ಪ್ರೇಷಿತ ಯಕೋಬನು ತಾಳ್ಮೆಗೆ ಉದಾಹರಣೆಯಾಗಿ ಆರಿಸಿಕೊಂಡದ್ದು ಮುಂಗಾರು ಹಿಂಗಾರುಗಳಿಗಾಗಿ ಕಾಯುವ ರೈತನನ್ನು (ಯಕೋಬ 5:7). ಆ ರೈತ ಕೈಕಟ್ಟಿ ಕುಳಿತವನಲ್ಲ, ಆಗಲೇ ಬಿತ್ತಿದವನು.

ನಿರೀಕ್ಷೆ ಎಂಬ ಹಗ್ಗ

ಕನ್ನಡದ 'ನಿರೀಕ್ಷೆ' ಬಹಳ ಸಮೃದ್ಧವಾದ ಪದ. ಕಾಯುವುದಕ್ಕೂ ಭರವಸೆ ಇಡುವುದಕ್ಕೂ ಅದೇ ಪದ ಸಾಕಾಗುತ್ತದೆ. ಹೀಬ್ರೂ ಭಾಷೆಯಲ್ಲೂ ಇಂಥದೇ ಒಂದು ಪದವಿದೆ, 'ತಿಕ್ವಾ'. ಅದಕ್ಕೆ ನಿರೀಕ್ಷೆ ಎಂಬ ಅರ್ಥವೂ ಇದೆ, ಹುರಿ ಅಥವಾ ಹಗ್ಗ ಎಂಬ ಅರ್ಥವೂ ಇದೆ. ಜೆರಿಕೋ ಪಟ್ಟಣದ ರಾಹಾಬಳು ತನ್ನ ಮನೆಯವರ ಪ್ರಾಣ ಉಳಿಯಲೆಂದು ಕಿಟಕಿಗೆ ಕಟ್ಟಿದ ಕೆಂಪು ಹುರಿಗೆ ಯೆಹೋಶುವನ ಗ್ರಂಥ ಈ ಪದವನ್ನೇ ಬಳಸುತ್ತದೆ (ಯೆಹೋಶುವ 2:18).

ಆದ್ದರಿಂದ ಬೈಬಲಿನ ಪ್ರಕಾರ ಕಾಯುವುದೆಂದರೆ ಸುಮ್ಮನೆ ಸಮಯ ಕಳೆಯುವುದಲ್ಲ, ಒಂದು ಹಗ್ಗವನ್ನು ಹಿಡಿದುಕೊಂಡಿರುವುದು. ಇನ್ನೊಂದು ತುದಿ ನಮಗೆ ಕಾಣದಿರಬಹುದು. ಅದನ್ನು ಹಿಡಿದಿರುವವರು ಯಾರೆಂದು ಮಾತ್ರ ನಮಗೆ ಗೊತ್ತು.

ಕಾದವರು ಎಷ್ಟು ಕಾದರು?

ಕೆಲವು ವ್ಯಕ್ತಿಗಳ ವಯಸ್ಸನ್ನು ಪವಿತ್ರ ಗ್ರಂಥ ಲೆಕ್ಕವಿಟ್ಟು ಹೇಳುತ್ತದೆ.

ಅಬ್ರಹಾಮನು ಹಾರಾನನ್ನು ಬಿಟ್ಟು ಹೊರಟಾಗ 75 ವರ್ಷದವನು (ಆದಿಕಾಂಡ 12:4). ಇಸಾಕನು ಹುಟ್ಟಿದಾಗ 100 ವರ್ಷದವನು (21:5). ನಡುವಿನ ಅಂತರ 25 ವರ್ಷ. ಈ ಅವಧಿಯಲ್ಲಿ ಆತನೂ ಸಾರಳೂ ತಾಳ್ಮೆಗೆಟ್ಟು ದಾಸಿ ಹಾಗರಳ ಮೂಲಕ ಸಂತಾನ ಪಡೆದರು. ಆ ಆತುರದ ನೋವನ್ನು ಉಂಡವಳು ಹಾಗರಳು. ಮನೆಯಿಂದ ಹೊರಬಿದ್ದ ಆ ತಾಯಿ ಮಗುವನ್ನು ದೇವರು ಮರುಭೂಮಿಯಲ್ಲಿ ಕೈಬಿಡಲಿಲ್ಲ ಎಂಬುದನ್ನೂ ಗ್ರಂಥ ಮರೆಯದೆ ದಾಖಲಿಸಿದೆ (21:14-20).

ಜೋಸೆಫನ ಕಥೆ ಆರಂಭವಾಗುವಾಗ ಆತನಿಗೆ 17 ವರ್ಷ (37:2). ಫರೋಹನ ಮುಂದೆ ನಿಂತಾಗ 30 ವರ್ಷ (41:46). ನಡುವೆ ಅಣ್ಣಂದಿರ ದ್ರೋಹ, ಗುಲಾಮಗಿರಿ, ಸುಳ್ಳು ಆರೋಪ, ಸೆರೆಮನೆ. ಪಾನಸೇವಕ ಎರಡು ವರ್ಷ ಆತನನ್ನು ಮರೆತೇ ಬಿಟ್ಟ. ಆದರೆ ಸೆರೆಮನೆಯಲ್ಲೂ ಜೋಸೆಫನು ತನಗೆ ಒಪ್ಪಿಸಿದ ಕೆಲಸವನ್ನು ನಿಷ್ಠೆಯಿಂದ ಮಾಡಿದ. ಮುಂದೆ ಈಜಿಪ್ಟಿನ ಉಗ್ರಾಣಗಳನ್ನು ನೋಡಿಕೊಳ್ಳುವ ಸಾಮರ್ಥ್ಯವನ್ನು ಆ ವರ್ಷಗಳೇ ಆತನಿಗೆ ಕಲಿಸಿರಬೇಕು.

ಬೆಥಾನಿಯದ ಲಾಸರನು ಕಾಯಿಲೆ ಬಿದ್ದ ಸುದ್ದಿ ತಿಳಿದ ಮೇಲೂ ಯೇಸುಸ್ವಾಮಿ ಎರಡು ದಿನ ಅಲ್ಲೇ ಉಳಿದರು (ಯೊವಾನ್ನ 11:6). ಬಂದು ತಲುಪುವಷ್ಟರಲ್ಲಿ ಸಮಾಧಿಯಾಗಿ ನಾಲ್ಕು ದಿನ ಕಳೆದಿತ್ತು. ನೀವು ಇಲ್ಲಿ ಇದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂದು ಮಾರ್ತಾ ನೇರವಾಗಿಯೇ ಹೇಳಿದಳು. ಯೇಸು ಆಕೆಯನ್ನು ಗದರಲಿಲ್ಲ. ಸಮಾಧಿಯ ಬಳಿ ತಾವೂ ಅತ್ತರು. ತಡವಾಯಿತೆಂದು ದೇವರ ಮುಂದೆ ದೂರುವುದು ಪಾಪವಲ್ಲ. ಕೀರ್ತನೆಗಳ ತುಂಬಾ ಇನ್ನೂ ಎಷ್ಟು ಕಾಲ ಎಂಬ ಮೊರೆ ಇದೆ. ಅಂಥ ಮೊರೆಯೂ ಪ್ರಾರ್ಥನೆಯೇ.

ಕ್ಯಾಲೆಂಡರಿನಲ್ಲಿ ಕಾಣದ ವಚನ

ಅನೇಕ ಕ್ರೈಸ್ತ ಮನೆಗಳ ಗೋಡೆಯ ಮೇಲೆ ಯೆರೆಮೀಯ 29:11 ಕಾಣಸಿಗುತ್ತದೆ. ದೇವರು ನಮಗಾಗಿ ಯೋಜಿಸಿರುವುದು ಹಾನಿಯನ್ನಲ್ಲ, ಹಿತವನ್ನು, ನಿರೀಕ್ಷೆ ತುಂಬಿದ ಭವಿಷ್ಯವನ್ನು ಎಂಬುದು ಅದರ ಭಾವ. ಆದರೆ ಅದರ ಹಿಂದಿನ ವಚನವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಈ ಹಿತ ನೆರವೇರಲು 70 ವರ್ಷ ಬೇಕು ಎಂದು ಅಲ್ಲಿದೆ.

ಯೆರೆಮೀಯನು ಈ ಪತ್ರ ಬರೆದದ್ದು ಜೆರುಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ. ಆಗ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ್ದ (ಯೆರೆಮೀಯ 28:3). ಜನರಿಗೆ ಹಿತವೆನಿಸಿದ ಆ ಮಾತು ಸುಳ್ಳಾಗಿತ್ತು. ಯೆರೆಮೀಯನ ಪತ್ರವನ್ನು ಓದಿದ ವಯಸ್ಕರಲ್ಲಿ ಹೆಚ್ಚಿನವರು ಮರಳುವ ದಿನವನ್ನು ಕಾಣುವಂತಿರಲಿಲ್ಲ. ಅವರಿಗೆ ಪ್ರವಾದಿ ಕೊಟ್ಟ ಸಲಹೆ ಏನು? ಮನೆ ಕಟ್ಟಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎಂಬುದು (29:5-7).

ನಮ್ಮ ಕರಾವಳಿಗೆ ಸೆರೆವಾಸದ ಅನುಭವ ಹೊಸತಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಬಿಡುಗಡೆಯಾದದ್ದು 1799ರಲ್ಲಿ. 15 ವರ್ಷ ಕಾದವರಲ್ಲಿ ಅನೇಕರು ಮರಳಿ ಬರಲೇ ಇಲ್ಲ. ಬಂದವರು ಬರಿಗೈಯಲ್ಲಿ ಬದುಕನ್ನೂ ದೇವಾಲಯಗಳನ್ನೂ ಮತ್ತೆ ಕಟ್ಟಿದರು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಪುತ್ತೂರು, ಸುಳ್ಯ ಭಾಗದ ರಬ್ಬರ್ ತೋಟಗಳನ್ನು ನೋಡಬಹುದು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ, ಸಿಲೋನಿನ ತೋಟಗಳಲ್ಲಿ ತಲೆಮಾರುಗಳಿಂದ ದುಡಿದಿದ್ದ ಭಾರತ ಮೂಲದ ತಮಿಳರಲ್ಲಿ 5,25,000 ಮಂದಿಯನ್ನು ಭಾರತಕ್ಕೆ ಕಳುಹಿಸುವುದೆಂದು ನಿರ್ಧಾರವಾಯಿತು. ಹಾಗೆ ಬಂದ ಕೆಲವು ಕುಟುಂಬಗಳಿಗೆ ಈ ತೋಟಗಳಲ್ಲಿ ಕೆಲಸ ದೊರೆಯಿತು. ಹುಟ್ಟಿದ ನೆಲ ಅಲ್ಲಿ, ಪೌರತ್ವ ಇಲ್ಲಿ. ನಾಡು, ಭಾಷೆ ಎರಡೂ ಅಪರಿಚಿತ. ಅಂಥಲ್ಲಿ ಅವರು ಮನೆ ಹೂಡಿದರು, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದರು. ಯೆರೆಮೀಯನ ಪತ್ರದ ಅರ್ಥ ಅವರ ಬದುಕಿನಲ್ಲಿ ಕಾಣುತ್ತದೆ: ಮುಂದೆ ಬರುವ ಒಳ್ಳೆಯ ಕಾಲಕ್ಕಾಗಿ ಇಂದಿನ ಬದುಕನ್ನು ನಿಲ್ಲಿಸಬಾರದು.

ಸಂತ ಜೋಕಿಮರ ಊರಿನಲ್ಲಿ

ಕಡಬದ ಕಥೊಲಿಕ ದೇವಾಲಯದ ಪಾಲಕರು ಸಂತ ಜೋಕಿಮರು, ಅಂದರೆ ಮಾತೆ ಮರಿಯಮ್ಮನವರ ತಂದೆ. ಇವರ ಹೆಸರು ಬೈಬಲಿನಲ್ಲಿ ಬರುವುದಿಲ್ಲ. ಎರಡನೆಯ ಶತಮಾನದ ಒಂದು ಪ್ರಾಚೀನ ಬರಹದ ಮೂಲಕ ಅವರ ಕಥೆ ಧರ್ಮಸಭೆಯ ಪರಂಪರೆಗೆ ಬಂದಿದೆ. ಜೋಕಿಮ್ ಮತ್ತು ಅನ್ನಾ ದಂಪತಿಗೆ ಬಹುಕಾಲ ಮಕ್ಕಳಿರಲಿಲ್ಲ. ಆ ಕಾರಣಕ್ಕೆ ದೇವಾಲಯದಲ್ಲಿ ಅವಮಾನವಾದಾಗ ಜೋಕಿಮರು ಮರುಭೂಮಿಗೆ ಹೋಗಿ 40 ದಿನ ಉಪವಾಸ ಪ್ರಾರ್ಥನೆ ಮಾಡಿದರು ಎಂದು ಆ ಬರಹ ಹೇಳುತ್ತದೆ. ಲ್ಯಾಟಿನ್ ಸಂಪ್ರದಾಯದಲ್ಲಿ ಈ ದಂಪತಿಯ ಹಬ್ಬ ಜುಲೈ 26.

ನಮ್ಮ ಮದುವೆ, ಗೃಹಪ್ರವೇಶಗಳಲ್ಲಿ ಮಕ್ಕಳಿಲ್ಲದ ದಂಪತಿಯನ್ನು "ಇನ್ನೂ ವಿಶೇಷ ಇಲ್ವಾ?" ಎಂದು ಕೇಳುವವರು ಈ ಕಥೆಯನ್ನು ನೆನೆಯಬೇಕು. ಜೋಕಿಮರನ್ನು ನೋಯಿಸಿದ್ದು ದೇವರ ಮೌನಕ್ಕಿಂತ ಜನರ ಮಾತು. ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು: ಜೋಕಿಮರಿಗೆ ಮಗು ದೊರೆತಂತೆ ಎಲ್ಲರಿಗೂ ದೊರೆಯುವುದಿಲ್ಲ. ಸಂತಾನವಿಲ್ಲದಿರುವುದು ಶಾಪವಲ್ಲ, ಅಂಥ ದಂಪತಿಯ ಪ್ರೀತಿ ದತ್ತು ಸ್ವೀಕಾರದಲ್ಲಿ, ಪರಸೇವೆಯಲ್ಲಿ ಫಲ ಕೊಡಬಲ್ಲದು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ. ಅವರ ಬದುಕಿನ ಅರ್ಥ ತೊಟ್ಟಿಲಿಗೆ ಕಟ್ಟುಬಿದ್ದಿಲ್ಲ.

ಜೋಕಿಮ್ ಮತ್ತು ಅನ್ನಾ ಯೇಸುಸ್ವಾಮಿಯ ಅಜ್ಜ ಅಜ್ಜಿಯೂ ಹೌದು. ಅವರ ಹಬ್ಬದ ಸಮೀಪದಲ್ಲೇ, ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವಾಗಿ ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದರು. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲೋ ಬೆಂಗಳೂರಿನಲ್ಲೋ ಇದ್ದು, ತೋಟದ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರು ನಮ್ಮಲ್ಲಿ ಎಷ್ಟಿಲ್ಲ? ರಜೆಗೆ ಯಾವಾಗ ಬರುತ್ತೀ ಎಂದು ಫೋನಿನಲ್ಲಿ ಕೇಳುವುದೇ ಅವರ ನಿರೀಕ್ಷೆ. ಅವರ ವಿಷಯದಲ್ಲಿ ದೇವರ ಸಮಯ ಎಂದರೆ ಬಹುಶಃ ನಾವು ಗೇಟು ತೆರೆದು ಒಳಗೆ ಹೋಗುವ ಸಮಯ.

ಕೇಳಿದ್ದು ಸಿಗದೇ ಹೋದರೆ?

ದೇವರ ಸಮಯದಲ್ಲಿ ವಿಶ್ವಾಸವಿಡುವುದೆಂದರೆ ನಾನು ಕೇಳಿದ್ದು ತಡವಾಗಿಯಾದರೂ ಸಿಕ್ಕೇ ಸಿಗುತ್ತದೆ ಎಂದು ನಂಬುವುದಲ್ಲ. ಸಂತ ಪೌಲರು ತಮ್ಮ ಶರೀರದ ಮುಳ್ಳು ತೊಲಗಲೆಂದು ಮೂರು ಸಲ ಬೇಡಿದರು. ಮುಳ್ಳು ಹೋಗಲಿಲ್ಲ, ಅದನ್ನು ಸಹಿಸುವ ಕೃಪೆ ದೊರೆಯಿತು (2 ಕೊರಿಂಥ 12:7-9). ಗೆತ್ಸೆಮನೆ ತೋಪಿನಲ್ಲಿ ಯೇಸುಸ್ವಾಮಿ ಕಷ್ಟದ ಪಾತ್ರೆ ತೊಲಗಲೆಂದು ಪ್ರಾರ್ಥಿಸಿದರು. ಪಾತ್ರೆ ತೊಲಗಲಿಲ್ಲ. ಪುನರುತ್ಥಾನ ಬಂದದ್ದು ಶಿಲುಬೆಯನ್ನು ದಾಟಿದ ಮೇಲೆ.

ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಭಾಗದ ಅಡಿಕೆ ತೋಟಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಇದೆ. ರೋಗ ಬಂದ ಮರವನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ತಂದೆ ನೆಟ್ಟ ತೋಟ ಕಣ್ಣೆದುರೇ ಹಳದಿಯಾಗುವುದನ್ನು ನೋಡಿದವರಿಗೆ ಪ್ರವಾದಿ ಹಬಕ್ಕೂಕನ ಪ್ರಾರ್ಥನೆ ಅರ್ಥವಾದೀತು. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಹೊಲ ಬರಡಾದರೂ, ಕೊಟ್ಟಿಗೆ ಬರಿದಾದರೂ ದೇವರಲ್ಲಿ ಆನಂದಿಸುತ್ತೇನೆ ಎನ್ನುತ್ತಾನೆ ಆತ (ಹಬಕ್ಕೂಕ 3:17-18). ಫಸಲು ಮುಂದಿನ ವರ್ಷ ಬರುತ್ತದೆ ಎಂದು ಆತ ಹೇಳಲಿಲ್ಲ ಎಂಬುದು ಗಮನಾರ್ಹ. ಸಂಪಾಜೆಯ ಕೃಷಿಕರೂ ಕಾಫಿ, ಕಾಳುಮೆಣಸು, ರಬ್ಬರ್, ತಾಳೆ ಎಂದು ಬೇರೆ ಬೆಳೆಗಳತ್ತ ಮುಖ ಮಾಡಿದ್ದಾರೆ. ಒಂದು ಆಸೆ ಕೈಬಿಟ್ಟುಹೋದಾಗ ಕೈ ಮತ್ತೆ ಮಣ್ಣಿಗೆ ಇಳಿಯುವುದೂ ವಿಶ್ವಾಸದ ಒಂದು ರೂಪ.

ಈ ಮಾತನ್ನು ತಪ್ಪಾಗಿ ಬಳಸದಿರೋಣ

ಯೋಬನ ಮೂವರು ಗೆಳೆಯರು ಮೊದಲು ಏಳು ಹಗಲು ಏಳು ರಾತ್ರಿ ಆತನ ಜೊತೆ ನೆಲದ ಮೇಲೆ ಮೌನವಾಗಿ ಕುಳಿತರು (ಯೋಬ 2:13). ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಕಾರಣಗಳನ್ನು ಹೇಳತೊಡಗಿದಾಗ ತಪ್ಪಿದರು. ಸಾವಿನ ಮನೆಯಲ್ಲಿ ಇದು ದೇವರ ಸಮಯ ಎನ್ನುವ ಮೊದಲು ನಾವು, ಮುಖ್ಯವಾಗಿ ಗುರುಗಳು, ಆ ಏಳು ದಿನಗಳ ಮೌನವನ್ನು ನೆನಪಿಸಿಕೊಳ್ಳಬೇಕು.

ಕಾಯಿಲೆಯವರು ದೇವರ ಸಮಯಕ್ಕೆ ಕಾಯುತ್ತೇನೆಂದು ಔಷಧ ನಿಲ್ಲಿಸುವುದು ಬೈಬಲಿನ ಬೋಧನೆಯಲ್ಲ. ಪ್ರಾರ್ಥಿಸು, ಜೊತೆಗೆ ವೈದ್ಯನಿಗೂ ಅವಕಾಶ ಕೊಡು, ಆತನನ್ನೂ ಸೃಷ್ಟಿಸಿದ್ದು ದೇವರೇ ಎಂಬುದು ಸಿರಾಖ ಗ್ರಂಥದ ಉಪದೇಶ (ಸಿರಾಖ 38:1-15). ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ, ಕೂಲಿ ಸಿಗದ ಕಾರ್ಮಿಕನಿಗೆ ತಾಳ್ಮೆಯನ್ನು ಮಾತ್ರ ಬೋಧಿಸುವುದೂ ಸಲ್ಲದು. ಅನ್ಯಾಯ ಮಾಡುವವನಿಗೆ ಅನುಕೂಲವಾಗುವ ತಾಳ್ಮೆಗೆ ದೇವರ ಹೆಸರು ಇಡಬಾರದು.

ಹೊಸ್ಮಠದ ಸೇತುವೆಗೆ ಮರಳೋಣ. ಉಕ್ಕುವ ಹೊಳೆಯ ಮುಂದೆ ಕಾಯುವುದು ವಿವೇಕವಾಗಿತ್ತು. ಆದರೆ ಸೇತುವೆ ತಾನಾಗಿ ಎತ್ತರವಾಗಲಿಲ್ಲ. ಜನರ ಬೇಡಿಕೆ, ಎಂಜಿನಿಯರರ ಲೆಕ್ಕ, ಕಾರ್ಮಿಕರ ಬೆವರು ಸೇರಿ ಹೊಸ ಎತ್ತರದ ಸೇತುವೆ ಬಂತು. ನೆರೆ ಇಳಿಸುವುದು ನಮ್ಮ ಕೈಯಲ್ಲಿಲ್ಲ, ಸೇತುವೆ ಕಟ್ಟುವುದು ನಮ್ಮ ಕೈಯಲ್ಲಿದೆ. ಯಾವುದು ಯಾವುದೆಂದು ತಿಳಿಯುವ ವಿವೇಕವನ್ನೇ ನಾವು ಪ್ರತಿದಿನ ಬೇಡಬೇಕು.

ದಿನನಿತ್ಯದ ಅಭ್ಯಾಸಕ್ಕೆ

ಕಾಯುವುದನ್ನು ಧರ್ಮಸಭೆ ನಮಗೆ ಪ್ರತಿವರ್ಷ ಕಲಿಸುತ್ತದೆ. ಲ್ಯಾಟಿನ್ ಸಂಪ್ರದಾಯದವರಿಗೆ ಕ್ರಿಸ್ಮಸ್ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳಿವೆ. ಸಿರೋ ಮಲಬಾರ್ ಮತ್ತು ಸಿರೋ ಮಲಂಕರ ಬಾಂಧವರಿಗೆ 25 ದಿನಗಳ ನೋಂಬು ಇದೆ. ಇದರ ಜೊತೆಗೆ ಮನೆಯಲ್ಲಿ ಮೂರು ಚಿಕ್ಕ ಅಭ್ಯಾಸಗಳನ್ನು ಮಾಡಿಕೊಳ್ಳಬಹುದು.

ಮೊದಲನೆಯದು, ರಾತ್ರಿ ಜಪಮಾಲೆಯ ನಂತರ ಮನೆಮಂದಿ ಆ ದಿನ ದೊರೆತ ಒಂದು ಒಳಿತನ್ನು ಹೇಳಿ ದೇವರಿಗೆ ಕೃತಜ್ಞತೆ ಸಲ್ಲಿಸುವುದು. ಎರಡನೆಯದು, ಸಂಕಟ ಹೆಚ್ಚಾದಾಗ 13ನೆಯ ಕೀರ್ತನೆಯನ್ನು ಓದುವುದು. ಅದು ದೂರಿನಿಂದ ಆರಂಭವಾಗಿ ಭರವಸೆಯಲ್ಲಿ ಮುಗಿಯುತ್ತದೆ, ಕೇವಲ ಆರು ವಚನಗಳು. ಮೂರನೆಯದು, ನಮ್ಮ ವಾಳೆಯಲ್ಲಿ ನಮ್ಮಂತೆಯೇ ಕಾಯುತ್ತಿರುವ ಒಬ್ಬರನ್ನು ವಾರಕ್ಕೊಮ್ಮೆ ಭೇಟಿಯಾಗುವುದು. ಉಪದೇಶ ಬೇಡ, ಒಂದು ಲೋಟ ಚಹಾ ಕುಡಿದು ಅವರ ಮಾತು ಕೇಳಿ ಬಂದರೆ ಸಾಕು.

ಬಾಲಯೇಸುವನ್ನು ದೇವಾಲಯಕ್ಕೆ ತಂದಾಗ ಮುದುಕ ಸಿಮೆಯೋನನೂ ವೃದ್ಧ ವಿಧವೆ ಅನ್ನಾಳೂ ಅಲ್ಲಿದ್ದರು (ಲೂಕ 2:25-38). ಅವರಿಗೆ ದಿನಾಂಕ ತಿಳಿದಿರಲಿಲ್ಲ. ಆದರೆ ತಾವು ಇರಬೇಕಾದ ಜಾಗದಲ್ಲಿ ಇದ್ದರು, ಮಾಡಬೇಕಾದ ಪ್ರಾರ್ಥನೆಯನ್ನು ಮಾಡುತ್ತಿದ್ದರು. ಆದ್ದರಿಂದಲೇ ಬಡ ದಂಪತಿಯ ತೋಳಿನಲ್ಲಿದ್ದ ಆ ಕೂಸನ್ನು ಅವರು ಗುರುತಿಸಿದರು.

ಕಾಯುತ್ತಿರುವ ಪ್ರತಿಯೊಂದು ಮನೆಗೂ ಅಂಥ ಕಣ್ಣುಗಳನ್ನು ದೇವರು ದಯಪಾಲಿಸಲಿ. ಸಂತ ಜೋಕಿಮ್ ಮತ್ತು ಸಂತ ಅನ್ನಾ ನಮಗಾಗಿ ಪ್ರಾರ್ಥಿಸಲಿ.